ಮೂರನೇ ಮಾಳಿಗೆಯ ಎಮ್ಮಿ

ಹುಬ್ಬಳ್ಳಿ
ಫೆಬ್ರವರಿ ಮೂವತ್ತು, ೨೧೭೧

…ಹಾಂ, ಆ ಎಮ್ಮಿಯ ವಿಷಯ. ನಿನ್ನೆ ಮಾತು ಅಲ್ಲಿಗೇ ನಿಂತಿತ್ತು. ನೀವು ನಿಮ್ಮ ತಂಗಿಗೆ ‘ಕೇಳಿಲ್ಲೆ, ನಮ್ಮತ್ತಿ ಇವತ್ತ ಏನ ಮಾಡ್ಯಾರ ಗೊತ್ತೈತೇನು’ ಎಂದು ಶುರು ಮಾಡಿದ್ದಿರಿ. ನಾನು ಕಣ್ಣು ಮುಚ್ಚಿ, ನಿಮ್ಮ ಮಾತಿಗೆ ಮನಸ್ಸಿನಲ್ಲೇ ಹೂಂಗುಟ್ಟುತ್ತ ಕೂತಿದ್ದೆ. ಅಷ್ಟರಲ್ಲಿ ದನಿಮನೆಯ ಹುಡುಗಿ ಬಂದು ‘ಅಜ್ಜಾರ, ಬಾಗಲಾ ಹಾಕೂ ಹೊತ್ತಾತು, ಏಳ್ರಿ’ ಎಂದು ಎಬ್ಬಿಸಿದಳು. ನಿಮ್ಮ ಆ ಮಾತನ್ನು ಅದೆಷ್ಟು ಸಲ ಕೇಳಿದ್ದೇನೋ ನನಗೇ ಗೊತ್ತಿಲ್ಲ, ಆದರೂ ಒಬ್ಬರು ಮಾತಾಡುತ್ತಿರುವಾಗ ನಡುವೆ ಎದ್ದು ಬರುವುದು ಮರ್ಯಾದೆಯಲ್ಲ. ಅದಕ್ಕೇ ಉಳಿದದ್ದನ್ನು ಇವತ್ತು ಕಾಗದದ ಮೇಲೆ ಹಾಕುತ್ತಿದ್ದೇನೆ.

ಪ್ರತಿಭಾ ಅವ್ವಾರೇ, ಮೊದಲು ಕ್ಷಮೆ ಕೇಳಿ ಆಮೇಲೆ ಶುರು ಮಾಡಬೇಕಿತ್ತು, ಮರೆತೆ. ನನ್ನ ಹೆಸರು ಅಡಿವೆಪ್ಪ. ನಿಮ್ಮ ಮಗ ನನ್ನ ಮುತ್ತಜ್ಜ. ನಿಮ್ಮನ್ನು ಏನೆಂದು ಕರೆಯಬೇಕೆಂಬುದೇ ದೊಡ್ಡ ತೊಡಕಾಯಿತು. ವಂಶದ ಲೆಕ್ಕದಲ್ಲಿ ನೀವು ಮುತ್ತಜ್ಜನ ತಾಯಿ. ದನಿಯ ಲೆಕ್ಕದಲ್ಲಿ ಮೂವತ್ಮೂರರ ಹೆಣ್ಣುಮಗಳು, ನನ್ನ ಮೊಮ್ಮಗಳಿಗಿಂತ ಒಂದೆರಡು ವರ್ಷ ದೊಡ್ಡವರಷ್ಟೇ. ಎಪ್ಪತ್ತಾರು ದಾಟಿದ ನಾನು ನಿಮ್ಮನ್ನು ಅಜ್ಜಿ ಎಂದರೆ ನೀವು ನಗುತ್ತೀರಿ, ನಿಮ್ಮ ನಗು ನನಗೆ ಗೊತ್ತು. ಆದ್ದರಿಂದ ಅವ್ವಾರೇ ಇರಲಿ. ನನ್ನ ಬರವಣಿಗೆಯಲ್ಲಿ ನಿಮಗೆ ತಿಳಿಯದ ಶಬ್ದಗಳು ಬಂದಾವು. ನಿಮ್ಮ ಮಾತಿನಲ್ಲಿ ನನಗೂ ಹಾಗೇ ಆಗಿದೆ, ಸರಿಗೆ ಸರಿ. ಮೇಲೆ ಬರೆದ ತಾರೀಖು ನೋಡಿ ಮುದುಕನಿಗೆ ಬುದ್ಧಿ ನೆಟ್ಟಗಿಲ್ಲ ಎಂದುಕೊಳ್ಳಬೇಡಿ. ಇಪ್ಪತ್ತೆಂಟು ದಿನ ಇದ್ದು ಮೂವತ್ತು ದಿನದ ಬಾಡಿಗೆ ಯಾಕೆ ಕೊಡಬೇಕೆಂದು ಬಾಡಿಗೆಯವರೆಲ್ಲ ಸೇರಿ ತಕರಾರು ತೆಗೆದರು, ಅದು ನನ್ನ ಅಜ್ಜನ ಕಾಲದಲ್ಲಿ. ಬಾಡಿಗೆ ಇಳಿಸುವುದರ ಬದಲು ಎರಡು ದಿನ ಕೂಡಿಸಿಕೊಟ್ಟರು. ಅಂದಿನಿಂದ ನಮ್ಮಲ್ಲಿ ಫೆಬ್ರವರಿಗೂ ಮೂವತ್ತು.

ದನಿಮನೆ ಎಂದರೆ ಹಳೆಯ ಫೋನುಗಳಲ್ಲಿ ಉಳಿದ ದನಿಗಳನ್ನು ಮನೆತನದ ಪ್ರಕಾರ ಜೋಡಿಸಿಟ್ಟ ಜಾಗ. ಅವರವರ ಹಿರಿಯರ ದನಿಯನ್ನು ಅವರವರು ಹೋಗಿ ಕೇಳಬಹುದು, ನೀವು ಫೋನಿನಲ್ಲಿ ತಂಗಿಗೆ ಕಳಿಸಿದ ದನಿಗಳು ನನಗೆ ಸಿಕ್ಕದ್ದು ಅಲ್ಲೇ. ಕೇಳಿದ ಮೇಲೆ ಉತ್ತರ ಬರೆದು ಬಾಗಿಲ ಹತ್ತಿರದ ಮಣ್ಣಿನ ಹರವಿಯಲ್ಲಿ ಹಾಕಿ ಬರುವುದು ರೂಢಿ. ಅದಕ್ಕೆ ಮರುಮಾತು ಅನ್ನುತ್ತೇವೆ. ಅದು ತಲುಪುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ತಲುಪಲಿಲ್ಲವೆಂದು ಇಲ್ಲಿಯ ತನಕ ನಿಮ್ಮ ಕಡೆಯಿಂದ ಯಾರೂ ದೂರು ಕೊಟ್ಟಿಲ್ಲ.

ನಮ್ಮ ರೊಕ್ಕದ ಹೆಸರು ಸೇರು. ಒಂದು ಸೇರು ಕುಡಿಯುವ ನೀರಿನ ಬೆಲೆಯೇ ಒಂದು ಸೇರು. ನಿಮ್ಮ ಯಜಮಾನರು ಮಹಾಂತೇಶಪ್ಪನವರು ಮನೆಮನೆಗೆ ಹೋಗಿ ನೀರಿನ ಫಿಲ್ಟರ್ ರಿಪೇರಿ ಮಾಡುತ್ತಿದ್ದರಲ್ಲ, ನಮ್ಮ ಕಾಲದಲ್ಲಿ ಹುಟ್ಟಿದ್ದರೆ ಬ್ಯಾಂಕಿನ ಅಧ್ಯಕ್ಷರೇ ಆಗುತ್ತಿದ್ದರು. ಬೇಸಿಗೆಯಲ್ಲಿ ಹಗಲೆಲ್ಲ ಓಣಿಯ ಮೇಲೆ ಬಟ್ಟೆಯ ಚಾವಣಿ ಎಳೆದಿರುತ್ತಾರೆ, ಅದಿಲ್ಲದೆ ಹೊರಗೆ ಕಾಲಿಡಲಾಗುವುದಿಲ್ಲ. ಆ ನೆರಳಿಗೆ ಪ್ರತಿ ಮನೆಯವರು ಕೊಡುವ ಹಣ ನೆರಳುಪಟ್ಟಿ. ನಾನು ಆ ನೆರಳು ಕಚೇರಿಯಲ್ಲಿ ಗುಮಾಸ್ತನಾಗಿದ್ದವನು. ವರ್ಷಕ್ಕೊಮ್ಮೆ ಪಟ್ಟಿ ಏರಿಸಿ ಬರೆಯುವುದು, ಜನ ಬೈದರೆ ಬೈಸಿಕೊಳ್ಳುವುದು, ಇಷ್ಟೇ ನನ್ನ ಕೆಲಸ. ಮಧ್ಯಾಹ್ನದ ಬಿಸಿಲು ಇಳಿಯುತ್ತ ಚಾವಣಿ ಸರಿಸುತ್ತಾರೆ, ಆಗ ನನ್ನ ಕೋಣೆಗೆ ಒಳ್ಳೆಯ ಬೆಳಕು ಬೀಳುತ್ತದೆ. ಈಗ ಆ ಬೆಳಕಿನಲ್ಲೇ ಬರೆಯುತ್ತಿದ್ದೇನೆ.

ಕೋಣೆ ಎಂದೆ, ಇದು ನಿಮ್ಮ ಮನೆಯೇ. ಕಟ್ಟಡವನ್ನು ಎರಡು ಸಲ ಕೆಡವಿ ಕಟ್ಟಿದ್ದಾರೆ, ಆದರೆ ಮೂರನೇ ಮಾಳಿಗೆಯ ಈ ಮೂಲೆಯ ಹಕ್ಕು ನಮ್ಮಲ್ಲೇ ಉಳಿದಿದೆ. ಮಕ್ಕಳು ಮೊಮ್ಮಕ್ಕಳು ಪಾಲು ಮಾಡಿಕೊಳ್ಳುತ್ತ ಬಂದು ಕೊನೆಗೆ ನನ್ನ ಪಾಲಿಗೆ ಒಂದು ಕೋಣೆ, ಒಂದು ಕಿಟಕಿ, ಒಂದು ಬಾಗಿಲು ಬಂದಿದೆ. ಬಾಗಿಲ ಪಕ್ಕದ ಗೋಡೆಯಲ್ಲಿ ಒಂದು ಗೂಟ. ಆ ಗೂಟ ಯಾಕೆ ಎಂದು ಕೇಳಿದರೆ ನಮ್ಮ ಮನೆತನದ ಸಣ್ಣ ಕೂಸೂ ಹೇಳುತ್ತದೆ, ಎಮ್ಮಿ ಕಟ್ಟಲಿಕ್ಕೆ.

ಊರಲ್ಲಿ ನಮಗೆ ಎಮ್ಮಿಯವರು ಎಂದೇ ಹೆಸರು. ನಾನು ಸಣ್ಣವನಿದ್ದಾಗಿನಿಂದ ಕೇಳಿದ ಕಥೆ ಇಷ್ಟು. ಹಿಂದೆ ಪ್ರತಿಭಾ ಎಂಬ ಮಹಾತಾಯಿ ಇದ್ದಳು. ಬಾಡಿಗೆ ಮನೆಯಲ್ಲಿದ್ದುಕೊಂಡೇ ತಿಂಗಳು ತಿಂಗಳು ಎಮ್ಮಿ ಕಟ್ಟಿದಳು. ಕಟ್ಟಿ ಕಟ್ಟಿ ಮೂರನೇ ಮಾಳಿಗೆಯಲ್ಲಿ ಸ್ವಂತ ಮನೆ ಮಾಡಿದಳು. ತಿಂಗಳಿಗೊಂದು ಹೊಸ ಎಮ್ಮಿಯೋ, ಒಂದೇ ಎಮ್ಮಿಯನ್ನು ತಿಂಗಳಿಗೊಮ್ಮೆ ಕಟ್ಟುತ್ತಿದ್ದಳೋ, ಉಳಿದ ದಿನ ಅದು ಎಲ್ಲಿ ತಿರುಗುತ್ತಿತ್ತೋ, ಯಾರೂ ಕೇಳುತ್ತಿರಲಿಲ್ಲ. ನಾನು ಒಮ್ಮೆ ನನ್ನ ಅಜ್ಜನಿಗೆ ‘ಮೂರನೇ ಮಾಳಿಗಿಗೆ ಎಮ್ಮಿ ಹೆಂಗ ಏರ್ತಿತ್ತು?’ ಎಂದು ಕೇಳಿದ್ದೆ. ಅಜ್ಜ ಸ್ವಲ್ಪವೂ ತಡವರಿಸದೆ ‘ಲಿಫ್ಟ್‌ನ್ಯಾಗ’ ಎಂದಿದ್ದರು. ‘ಒಂದ ಸಲಕ್ಕ ಒಂದ ಎಮ್ಮಿ. ಮಂದಿ ಮೆಟ್ಟಲಾ ಹತ್ತಿ ಬರ್ತಿದ್ರು.’

ನನ್ನ ಹೆಂಡತಿ ಮಂದಾಕಿನಿ ಈ ಮನೆಗೆ ಬಂದವಳು, ಆದರೆ ಹುಟ್ಟಿದವರಿಗಿಂತ ಅವಳಿಗೇ ಎಮ್ಮಿಯ ಮೇಲೆ ನಂಬಿಕೆ ಹೆಚ್ಚು. ಮೊಸರು ಸಿಕ್ಕ ದಿನ ಒಂದು ಬೊಟ್ಟು ಆ ಗೂಟಕ್ಕೆ ಹಚ್ಚಿಯೇ ನಮಗೆ ಬಡಿಸುತ್ತಿದ್ದಳು. ನಾನು ಓದಿದವನೆಂಬ ಗತ್ತಿನಲ್ಲಿ ಏನಾದರೂ ಅಂದರೆ, ‘ನಿಮ್ಮ ಕಾಲೇಜಿನ ಇಂಗ್ಲಿಷ್ ಒಂದ ದಿನ ಅದ ಎಮ್ಮಿ ಮೇದು ಹೋಗ್ತೈತಿ ನೋಡ್ರಿ’ ಎನ್ನುತ್ತಿದ್ದಳು. ಅವಳು ಹೋಗಿ ನಾಲ್ಕು ವರ್ಷವಾಯಿತು. ಕೋಣೆಯಲ್ಲಿ ಮಾತಿನ ಸದ್ದೇ ಇಲ್ಲದಂತಾದಾಗ ನಾನು ದನಿಮನೆಗೆ ಹೋಗತೊಡಗಿದೆ. ಅಲ್ಲಿ ಆದದ್ದು ಮಂದಾಕಿನಿ ಹೇಳಿದ್ದಕ್ಕೆ ಉಲ್ಟಾ. ನನ್ನ ಇಂಗ್ಲಿಷೇ ಎಮ್ಮಿಯನ್ನು ಮೇದುಬಿಟ್ಟಿತು.

ಇಂಗ್ಲಿಷ್ ನಮ್ಮಲ್ಲಿ ಈಗ ಯಾರ ಮನೆಯಲ್ಲೂ ಆಡುವ ಭಾಷೆಯಲ್ಲ. ಕಾಲೇಜಿನಲ್ಲಿ ಎರಡು ವರ್ಷ ಓದಿ, ಪರೀಕ್ಷೆ ಬರೆದು, ಮರೆಯುವಂಥದ್ದು. ನನಗೆ ಅರ್ಧ ಮರೆತಿದೆ, ಉಳಿದರ್ಧ ಸರಿಯೋ ತಪ್ಪೋ ಹೇಳುವವರಿಲ್ಲ. ನೀವು ‘ಡಿಪಾಸಿಟ್’ ಎಂದಾಗ ನನಗೆ ಹೊಳೆ ನೆನಪಾಯಿತು. ನಮ್ಮ ಪುಸ್ತಕದಲ್ಲಿ ನದಿ ಹೊತ್ತು ತಂದು ದಂಡೆಯಲ್ಲಿ ಇಳಿಸಿ ಹೋಗುವ ಮಣ್ಣಿಗೆ ಡಿಪಾಸಿಟ್ ಅಂತ ಇತ್ತು. ಹುಬ್ಬಳ್ಳಿಯಲ್ಲಿ ಹೊಳೆಯೇ ಇಲ್ಲ, ಇವರು ಮಣ್ಣು ಯಾಕೆ ಕೂಡಿಡುತ್ತಿದ್ದಾರೆ ಎಂದು ಬಹಳ ದಿನ ತಲೆ ಕೆಡಿಸಿಕೊಂಡೆ. ‘ಡೌನ್ ಪೇಮೆಂಟ್’ ಎಂದರೆ ಕೆಳಗೆ ನೆಲದ ಮೇಲೆ ಕೂತು ಕೊಡುವ ಹಣವೆಂದು ತಿಳಿದಿದ್ದೆ. ಆಮೇಲೆ ತಿಳಿಯುತ್ತ ಬಂದಾಗ ಅನ್ನಿಸಿತು, ನಾನು ಬಹಳ ದೂರವೇನೂ ಹೋಗಿರಲಿಲ್ಲ. ಕೈಯಲ್ಲಿ ಹರಿದುಹೋಗುವ ಹಣದ ತಳದಲ್ಲಿ ವರ್ಷವರ್ಷ ಒಂದಿಷ್ಟು ಕೂತರೆ ಅದೇ ತಾನೇ ನಿಮ್ಮ ಡಿಪಾಸಿಟ್.

ಎಮ್ಮಿಯ ಗುಟ್ಟು ತಿಳಿದದ್ದು ನೀವು ನಿಮ್ಮ ಅತ್ತೆ ಸಾವಂತ್ರೆವ್ವನವರ ದನಿ ಅಣಕಿಸಿ ತಂಗಿಗೆ ಹೇಳಿದ್ದನ್ನು ಕೇಳಿದಾಗ. ‘ಏನಬೇ ಪ್ರತಿಭಾ, ಗಂಡಾ ಹೆಂಡತಿ ಇಬ್ಬರೂ ಎಮ್ಮಿ ಕಟ್ಟಬೇಕು, ಎಮ್ಮಿ ಕಟ್ಟಬೇಕು ಅಂತೀರಿ. ಇರೂದು ಎರಡ ಖೋಲಿ. ಎಲ್ಲೆ ಕಟ್ಟಾವ್ರು? ಹೆಂಡಿ ಯಾರು ಬಳಿಯಾವ್ರು?’ ಅದಕ್ಕೆ ನೀವು ನಗು ತಡೆದುಕೊಂಡು, ‘ಎಮ್ಮಿ ಅಲ್ರಿ ಅತ್ತೀ. ಇ, ಎಂ, ಐ. ಮನಿ ಸಾಲದ ಕಂತು.’

ನಾನು ಕೂತಲ್ಲೇ ನೆಟ್ಟಗಾದೆ. ಇ ಎಂದರೆ ಈಕ್ವಲ್, ಎಂ ಎಂದರೆ ಮಂತ್ಲಿ, ಇಷ್ಟು ನೆನಪಾಯಿತು. ಐ ಎಂಬುದು ಇನ್‌ಸ್ಟಾಲ್‌ಮೆಂಟೋ ಇನ್ಸಲ್ಟೋ ಬಗೆಹರಿಯಲಿಲ್ಲ. ಒಂದಕ್ಕೆ ಕಂತು, ಇನ್ನೊಂದಕ್ಕೆ ಅವಮಾನ ಎಂದು ಅರ್ಥ. ನೀವು ಮೊದಲ ಸಲ ಬ್ಯಾಂಕಿಗೆ ಹೋಗಿ ಬಂದ ದಿನ ಆಡಿದ ಮಾತು ಕೇಳಿದರೆ ಎರಡನೆಯದೇ ಇರಬೇಕು ಅನ್ನಿಸುತ್ತದೆ, ಆದರೆ ನೀವೇ ಕಂತು ಎಂದಿದ್ದರಿಂದ ಒಪ್ಪಿಕೊಂಡೆ. ತಪ್ಪು ನಮ್ಮವರದೂ ಅಲ್ಲ. ನಮ್ಮ ಭಾಷೆಯಲ್ಲಿ ಎಮ್ಮಿಯನ್ನೂ ಕಟ್ಟುತ್ತೇವೆ, ಕಂತನ್ನೂ ಕಟ್ಟುತ್ತೇವೆ, ಮನೆಯನ್ನೂ ಕಟ್ಟುತ್ತೇವೆ. ಕಟ್ಟುವುದು ಒಂದೇ ಆದಾಗ ಎಮ್ಮಿ ನಡುವೆ ನುಗ್ಗಿದರೆ ಯಾರೇನು ಮಾಡಲಾದೀತು?

ಆದರೆ ಅವ್ವಾರೇ, ನಾನು ಬೆರಗಾದದ್ದು ಆಮೇಲೆ. ನೀವು ಕಟ್ಟುತ್ತಿದ್ದ ಕಂತು ಸಾಲದ ಕಂತೂ ಆಗಿರಲಿಲ್ಲ, ಯಾಕೆಂದರೆ ಸಾಲವೇ ಸಿಕ್ಕಿರಲಿಲ್ಲ. ಮನೆಯ ಬೆಲೆಯ ಐದರಲ್ಲೊಂದು ಪಾಲು ನಿಮ್ಮ ಕೈಯಿಂದ ತನ್ನಿ, ಆಮೇಲೆ ಮಾತಾಡೋಣ ಎಂದಿದ್ದರು ಬ್ಯಾಂಕಿನವರು. ಅಷ್ಟು ಹಣ ನಿಮ್ಮಿಬ್ಬರ ಹತ್ತಿರ ಕನಸಿನಲ್ಲೂ ಇರಲಿಲ್ಲ. ಆ ಸಂಜೆ ನೀವು ಮಹಾಂತೇಶಪ್ಪನವರಿಗೆ ಹೇಳಿದ್ದನ್ನು ತಂಗಿಗೆ ಒಪ್ಪಿಸಿದ್ದೀರಿ, ನನಗೆ ಬಾಯಿಪಾಠವಾಗಿದೆ. ‘ಮನಿ ಬಂದ ಮ್ಯಾಲ ಕಟ್ಟೂ ಕಂತು ಈಗಿಂದನ ಕಟ್ಟೋಣು. ಬ್ಯಾಂಕಿಗಲ್ಲ, ನಮಗ ನಾವ. ಬಾಡಿಗಿನೂ ಕಟ್ಟೂದು, ಇಲ್ಲದ ಮನಿ ಕಂತೂ ಕಟ್ಟೂದು. ಹಂಗ ಬದುಕಾಕ ಬಂತಂದ್ರ ಮನಿ ನಮ್ಮದ. ಬರಲಿಲ್ಲಂದ್ರ ಆ ಆಸೇನ ಬ್ಯಾಡ.’ ಅದಕ್ಕೆ ಅವರು, ‘ದಿನಾ ಮಂದಿ ಅಡಗಿಮನ್ಯಾಗ ಕುಂದರ್ತೀನಿ. ಒಂದ ದಿನ ನಮ್ಮದ ಅಡಗಿಮನ್ಯಾಗ ಫಿಲ್ಟರ್ ಕೂಡಸಬೇಕು ನೋಡು’ ಎಂದರಂತೆ.

ಸಾವಂತ್ರೆವ್ವನವರಿಗೆ ಇದನ್ನು ಬಿಡಿಸಿ ಹೇಳಿದ್ದೂ ನೀವೇ. ‘ಅಂದ್ರ ಇಲ್ಲದ ಎಮ್ಮಿಗೆ ತಿಂಗಳಾ ಮೇವು ಹಾಕಾವ್ರು ನೀವು.’ ‘ಹೌದ್ರಿ ಅತ್ತೀ.’ ‘ಹಾಲು ಯಾವಾಗ ಕೊಡ್ತೈತಂತ?’ ‘ಐದಾರು ವರ್ಷ ಆಗಬಹುದ್ರಿ.’ ಮುದುಕಿ ಎದ್ದು, ಊರಿಂದ ಬರುವಾಗ ಹಾಸಿಗೆ ಸುತ್ತಿ ಕಟ್ಟಿ ತಂದಿದ್ದ ಹಗ್ಗವನ್ನು ಟ್ರಂಕಿನಿಂದ ತೆಗೆದು ಕಿಟಕಿಯ ಸರಳಿಗೆ ಬಿಗಿದರಂತೆ. ‘ಎಮ್ಮಿ ಬಂದ ದಿನ ಹಗ್ಗ ಹುಡುಕ್ಕೋತ ಕುಂದರಬ್ಯಾಡ್ರಿ.’ ಅತ್ತೆ ಇವತ್ತು ಏನು ಮಾಡಿದರು ಎಂದು ನೀವು ಶುರು ಮಾಡಿದ್ದು ಇದನ್ನೇ. ಮರು ತಿಂಗಳಿನಿಂದ ಅವರ ಪಿಂಚಣಿಯಲ್ಲೂ ಒಂದು ಪಾಲು ಎಮ್ಮಿಯ ಮೇವಿಗೆ ಹೋಯಿತು.

ನಿಮ್ಮ ಕಾಲದ ಬೆಲೆಗಳ ಬಗ್ಗೆ ನನಗೆ ಈಗ ನಿಮಗಿರುವಷ್ಟೇ ಸಿಟ್ಟಿದೆ. ಎಣ್ಣೆ ಏರಿತು, ಗ್ಯಾಸ್ ಏರಿತು, ಮಗನ ಶಾಲೆಯ ವ್ಯಾನಿನವನು ಏರಿಸಿದ. ಸಂಜೆ ಮಾರುಕಟ್ಟೆ ಮುಚ್ಚುವಾಗ ಹೋಗಿ ಉಳಿದ ಕಾಯಿಪಲ್ಲೆ ತರುತ್ತಿದ್ದಿರಿ. ಬಾಡಿದ ಬೆಂಡೆಯನ್ನು ಬಗ್ಗಿಸಿ ನೋಡಿದರೆ ಮುರಿಯದೆ ಬಗ್ಗುತ್ತದೆಂದು ಹೇಳಿ ನಗುತ್ತಿದ್ದಿರಿ. ಸೀರೆ ಅಂಗಡಿಯ ಕೌಂಟರಿನಲ್ಲಿ ಕೂತು, ‘ದಿನಾ ಲಕ್ಷಗಟ್ಟಲೆ ಸೀರಿ ಬಿಲ್ ಮಾಡ್ತೀನಿ, ನನ್ನ ಮೈಮ್ಯಾಲಿಂದು ಮೂರನೇ ದೀಪಾವಳಿ ನೋಡಾಕತ್ತೈತಿ’ ಎಂದಿರಿ. ನನ್ನ ಪಕ್ಕದಲ್ಲಿ ಕೂತು ಬೇರೆ ಯಾರದೋ ದನಿ ಕೇಳುತ್ತಿದ್ದ ಹೆಂಗಸು ನನ್ನ ನಗು ಕೇಳಿ ಗದರಿದಳು.

ಆದರೆ ಹೊಟ್ಟೆ ಬಟ್ಟೆ ಕಟ್ಟಿ ಉಳಿಸಿದವರು ನಿಮ್ಮ ಕಾಲದಲ್ಲಿ ಸಾವಿರಾರು ಜನ ಇದ್ದಾರು. ನನಗೆ ನಿಮ್ಮ ಮೇಲೆ ಅಭಿಮಾನ ಹುಟ್ಟಿದ್ದು ಗದಗಿನ ಆ ಊಟದಿಂದ. ನಿಮ್ಮ ಸಂಬಂಧಿಕರ ಹೊಸ ಮನೆಯ ವಾಸ್ತುಶಾಂತಿ. ಎಲ್ಲರೂ ಆಯೇರಿ ಮಾಡಿದರು, ಬೆಳ್ಳಿ ಬಟ್ಟಲು, ಸೀರೆ, ಕವರಿನಲ್ಲಿ ರೊಕ್ಕ. ನೀವು ಕುಂಕುಮ ಹಚ್ಚಿಸಿಕೊಂಡು ಸುಮ್ಮನೆ ಕೂತಿರಿ. ಮನೆಯ ಯಜಮಾನಿ, ನಿಮಗೆ ಚಿಕ್ಕಮ್ಮನಾಗಬೇಕಾದವರು, ನಾಲ್ಕು ಜನರ ಮುಂದೆ ‘ಏನ ಪ್ರತಿಭಾ, ಬರಿಗೈಲೆ ಬಂದಿ?’ ಎಂದರು. ಬೇರೆ ಯಾರಾದರೂ ಆಗಿದ್ದರೆ ಪರ್ಸ್ ಮರೆತೆ ಎನ್ನುತ್ತಿದ್ದರು, ಇಲ್ಲವೇ ಮುಂದಿನ ಸಲ ಯಾರ ಮನೆಗೂ ಹೋಗುತ್ತಿರಲಿಲ್ಲ. ನೀವು ಎಲ್ಲರಿಗೂ ಕೇಳುವ ಹಾಗೆ, ‘ಎಮ್ಮಿ ಕಟ್ಟೀನ್ರಿ ಕಾಕು. ಇದ್ದದ್ದೆಲ್ಲಾ ಮೇವಿಗೆ ಹೋಗೇತಿ. ಹಾಲು ಕೊಟ್ಟ ವರ್ಷ ನಿಮಗ ಆಯೇರಿ ತರ್ತೀನಿ. ಈಗ ಊಟ ಮಾತ್ರ ಗಟ್ಟಿ ಮಾಡ್ತೀನಿ’ ಎಂದಿರಿ. ಕಾಕು ಗಲಿಬಿಲಿಯಾಗಿ ‘ಎಮ್ಮಿ? ಎಲ್ಲೆ?’ ಎಂದರು. ‘ಕಿಟಕಿಗೆ’ ಎಂದು ಹೇಳಿ ಇನ್ನೆರಡು ಹೋಳಿಗೆ ಹಾಕಿಸಿಕೊಂಡಿರಿ. ಇಲ್ಲದಿರುವುದನ್ನು ಇಷ್ಟು ಜೋರಾಗಿ, ತಲೆ ತಗ್ಗಿಸದೆ, ಬಾಯಲ್ಲಿ ಹೋಳಿಗೆ ಇಟ್ಟುಕೊಂಡು ಹೇಳಿದವರನ್ನು ನಾನು ಬೇರೆ ಕಂಡಿಲ್ಲ, ಕೇಳಿಲ್ಲ.

ಆ ಊಟದಲ್ಲಿ ಕೂತಿದ್ದ ಇನ್ನೊಬ್ಬ ಹೆಣ್ಣುಮಗಳು ಮನೆಗೆ ಹೋಗಿ ತನ್ನ ಕಿಟಕಿಗೂ ಹಗ್ಗ ಕಟ್ಟಿದಳೆಂದು ಮುಂದಿನ ಒಂದು ದನಿಯಲ್ಲಿ ಹೇಳಿದ್ದೀರಿ. ಅದು ಎಲ್ಲಿಗೆ ಬಂದು ನಿಂತಿದೆ ಎಂಬುದನ್ನು ನಿಮಗೆ ತಿಳಿಸಲೇಬೇಕು. ಈಗ ನಮ್ಮ ಕಡೆ ಮೊದಲ ಮನೆಗಾಗಿ ಹಣ ಕೂಡಿಡುವವರು ಗೂಟಕ್ಕೆ ಖಾಲಿ ಹಗ್ಗ ಕಟ್ಟುತ್ತಾರೆ. ಅವರಿಗೆ ಹಗ್ಗದವರು ಎನ್ನುತ್ತೇವೆ. ಹಗ್ಗದವರ ಹತ್ತಿರ ಯಾರೂ ಆಯೇರಿ ಕೇಳುವಂತಿಲ್ಲ, ಕೈಗಡ ಕೇಳುವಂತಿಲ್ಲ, ಮದುವೆಗೆ ಬಂದು ಬರೀ ಊಟ ಮಾಡಿ ಹೋದರೆ ಮುಖ ಗಂಟಿಕ್ಕುವಂತಿಲ್ಲ. ಬಡಿಸುವವರು ಅವರ ಎಲೆಗೆ ಒಂದು ಹೋಳಿಗೆ ಹೆಚ್ಚಿಗೆ ಹಾಕಬೇಕು. ಆ ಹೋಳಿಗೆ ಯಾಕೆಂದು ಯಾರಿಗೂ ಗೊತ್ತಿಲ್ಲ. ನನಗೊಬ್ಬನಿಗೆ ಗೊತ್ತು.

ಹಗ್ಗಕ್ಕೆ ಒಂದು ಕಟ್ಟಳೆಯಿದೆ. ತಿಂಗಳ ಕೊನೆಯ ದಿನ ಹೊತ್ತು ಮುಳುಗುವುದರೊಳಗೆ ಆ ತಿಂಗಳ ಪಾಲನ್ನು ಓಣಿಕೂಟಕ್ಕೆ ಸಲ್ಲಿಸಿ, ಬಂದು ಹಗ್ಗವನ್ನು ಬಿಚ್ಚಿ ಮತ್ತೆ ಬಿಗಿಯಬೇಕು. ಓಣಿಕೂಟವೆಂದರೆ ಮನೆಗಳ ಹಂಚಿಕೆ ನೋಡಿಕೊಳ್ಳುವ ಓಣಿಯವರ ಸಂಘ. ಹೊತ್ತು ಮುಳುಗಿದಾಗ ಗೂಟ ಬರಿದಾಗಿದ್ದರೆ ಆ ಮನೆಯವರು ಆಸೆ ಬಿಟ್ಟರೆಂದು ಅರ್ಥ. ಕೂಡಿಟ್ಟದ್ದನ್ನು ಮರಳಿ ಕೊಡುತ್ತಾರೆ, ಆದರೆ ಸರದಿ ಹೋಗುತ್ತದೆ. ಮತ್ತೆ ಕಟ್ಟಿದರೆ ಸಾಲಿನ ತುದಿಯಿಂದ ಶುರು.

ಇವತ್ತು ತಿಂಗಳ ಕೊನೆಯ ದಿನ. ನನ್ನ ಬಾಗಿಲ ಗೂಟದ ಮೇಲಿದ್ದದ್ದು ಮೊಮ್ಮಗಳು ಇಂಚರಾ ಮತ್ತು ಅವಳ ಗಂಡ ಬಸವಂತನ ಹಗ್ಗ. ಅವರಿರುವುದು ಬಿಡದಿಯಲ್ಲಿ. ನಿಮ್ಮಲ್ಲಿ ಮದುವೆಗೆ ಬಂದವರನ್ನು ಇಳಿಸುವ ಜಾಗಕ್ಕೆ ಬಿಡದಿ ಅನ್ನುತ್ತಿದ್ದರಂತೆ. ನಮ್ಮಲ್ಲಿ ಮದುವೆಯಾದವರೇ ಅಲ್ಲಿ ಉಳಿಯುತ್ತಾರೆ. ಒಂದು ದೊಡ್ಡ ಹಾಲು, ನಡುನಡುವೆ ಪರದೆ. ಪರದೆಗೆ ಗೂಟ ಹೊಡೆಯಲು ಬರುವುದಿಲ್ಲ, ಅದಕ್ಕೇ ಹಗ್ಗ ಇಲ್ಲಿ. ನನ್ನ ಕೋಣೆ ತಗೊಳ್ಳಿ, ನಾನು ಬಿಡದಿಗೆ ಹೋಗುತ್ತೇನೆ ಎಂದೆ. ‘ನಿಮ್ಮ ಗೊರಕಿಗೆ ಆ ಹಾಲ್‌ನ ಮಂದಿ ಎಲ್ಲಾ ಎದ್ದು ಬಂದು ಇಲ್ಲೇ ಮಲಗ್ತಾರ’ ಎಂದು ಬಸವಂತ ಮಾತು ಮುಗಿಸಿದ. ಇಂಚರಾ ಶಾಲೆಯಲ್ಲಿ ಲೆಕ್ಕ ಕಲಿಸುತ್ತಾಳೆ, ಅವನು ಓಣಿಯ ಚಾವಣಿ ಹೊಲಿಯುತ್ತಾನೆ. ಹಗ್ಗ ಕಟ್ಟಿ ಆರು ವರ್ಷವಾಯಿತು. ದಿನಸಿಯ ಬೆಲೆ, ನೆರಳುಪಟ್ಟಿ, ಬಿಡದಿಯ ಬಾಡಿಗೆ, ಎಲ್ಲ ಏರಿವೆ. ಮನೆಗೆ ಮೊದಲು ಕಟ್ಟಬೇಕಾದ ಮೊತ್ತಕ್ಕೆ ನಾವು ಇಡುಗಂಟು ಎನ್ನುತ್ತೇವೆ. ಇವರು ಇನ್ನೇನು ಮುಟ್ಟಿದರು ಎನ್ನುವಷ್ಟರಲ್ಲಿ ಅದು ಮುಂದೆ ಹೋಗುತ್ತದೆ. ಮೊನ್ನೆ ಮತ್ತೆ ಹೋಯಿತು. ಈ ತಿಂಗಳು ಕಟ್ಟುವುದೋ ಬಿಡುವುದೋ ಎಂದು ಇಬ್ಬರೂ ಮಾತು ಬಿಟ್ಟು ಕೂತಿದ್ದರು.

ಮಧ್ಯಾಹ್ನ ಇಂಚರಾ ಒಬ್ಬಳೇ ಬಂದಳು. ನನ್ನ ಪಕ್ಕ ಕೂಡದೆ ಗೂಟದ ಕೆಳಗೆ ಕೂತಳು. ಹಗ್ಗದ ತುದಿ ಬಿಚ್ಚಿ ಎಳೆ ಎಳೆಯಾಗಿತ್ತು, ಅದನ್ನೇ ಹೊಸೆಯುತ್ತ, ‘ಅಜ್ಜಾ, ಸಾಕಾತು’ ಎಂದಳು.

ಅವ್ವಾರೇ, ಅದೇ ಮಾತನ್ನು ಅದೇ ಎಳೆತದಲ್ಲಿ ನಿಮ್ಮಿಂದ ಕೇಳಿದ್ದೇನೆ. ಬಾಡಿಗೆ ಮನೆಯ ಮಾಲೀಕರು ಬಾಡಿಗೆ ಏರಿಸಿದ ದಿನ, ಅತ್ತೆಯವರ ಕಣ್ಣಿನ ಆಪರೇಷನ್ನಿಗೆ ಎಮ್ಮಿಯ ಮೇವಿನಿಂದಲೇ ತೆಗೆದ ವಾರ, ಫ್ಲ್ಯಾಟಿನವರು ಮುಂದಿನ ತಿಂಗಳಿಂದ ರೇಟು ಹೆಚ್ಚು ಎಂದ ಸಂಜೆ. ‘ಸಾಕಾತ ತಂಗಿ. ನಾಳೆ ಮುಂಜಾನೆ ಹಗ್ಗಾ ಬಿಚ್ಚಿಬಿಡ್ತೀನಿ.’ ಅಲ್ಲಿಗೆ ಆ ದನಿ ಮುಗಿಯುತ್ತದೆ. ಅದರ ಮುಂದಿನದು ಸಿಕ್ಕಿಲ್ಲ. ಮತ್ತೆ ನಿಮ್ಮನ್ನು ಕೇಳುವುದು ಯಾವಾಗಲೋ, ಹೊಸ ಅಡುಗೆಮನೆಯಲ್ಲಿ, ‘ನಲ್ಲಿ ನಮ್ಮದ, ಫಿಲ್ಟರ್ ನಮ್ಮದ, ನೀರ ಒಂದ ಬರವಲ್ದು ನೋಡ’ ಎಂದು ನಗುವಾಗ. ನಡುವೆ ಆ ಮುಂಜಾನೆ ಏನಾಯಿತು ಎಂದು ನನಗೆ ಗೊತ್ತಿಲ್ಲ.

ಇಂಚರಾಳಿಗೆ ಧೈರ್ಯ ಹೇಳಲು ನಾನು ಎಂದಿನಂತೆ ನಿಮ್ಮ ಕಥೆ ತೆಗೆದೆ. ಅವಳು ಕೈ ಅಡ್ಡ ಮಾಡಿದಳು. ‘ಆಕಿ ಮಾತು ಬ್ಯಾಡ ಅಜ್ಜಾ. ಆಕಿಗರ ಎಮ್ಮಿ ಇತ್ತು. ಹಾಲು ಮಾರಿದ್ಲು, ತುಪ್ಪಾ ಮಾರಿದ್ಲು, ಮನಿ ತಗೊಂಡ್ಲು. ನಮಗೇನೈತಿ? ಬರೇ ಹಗ್ಗ.’

ಎಮ್ಮಿಯ ನಿಜ ನನಗೆ ತಿಳಿದು ಒಂದು ತಿಂಗಳೂ ಆಗಿರಲಿಲ್ಲ, ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಗೂಟ ಬರೀ ಗೂಟವಾಗುತ್ತದೆ, ಮಂದಾಕಿನಿ ಹಚ್ಚಿದ ಮೊಸರೆಲ್ಲ ಗೋಡೆಗೆ ಹೋದಂತೆ. ಹುಡುಗಿ ಹೇಗೂ ಬಿಚ್ಚುವ ಮನಸ್ಸಿನಲ್ಲಿದ್ದಾಳೆ, ಎಮ್ಮಿಯೂ ಇರಲಿಲ್ಲವೆಂದರೆ ಈಗಲೇ ಬಿಚ್ಚುತ್ತಾಳೆ. ಆದರೆ ಲೆಕ್ಕದ ಟೀಚರಿಗೆ ಸುಳ್ಳು ಲೆಕ್ಕ ಕೊಟ್ಟು ಎಷ್ಟು ದಿನ ನಡೆಸುವುದು? ಇ, ಎಂ, ಐ ಎಂದು ಬಿಡಿಸಿ, ಎಲ್ಲ ಹೇಳಿದೆ. ಹಾಸಿಗೆಯ ಹಗ್ಗ, ಕಿಟಕಿಯ ಸರಳು, ಗದಗಿನ ಹೋಳಿಗೆ, ಎಲ್ಲ.

‘ಎಮ್ಮಿ ಇರಲೇ ಇಲ್ಲ?’

‘ಇರಲಿಲ್ಲ.’

‘ಒಂದೂ?’

‘ಒಂದೂ ಇಲ್ಲ.’

‘ಬರೇ ಹಗ್ಗ?’

‘ಬರೇ ಹಗ್ಗ. ಅದೂ ಅತ್ತೀದು.’

ಅವಳು ನನ್ನನ್ನೇ ನೋಡಿದಳು. ಆಮೇಲೆ ನಗತೊಡಗಿದಳು, ಕಣ್ಣಲ್ಲಿ ನೀರು ಬರುವ ಹಾಗೆ. ಆ ನೀರು ನಗುವಿನದೇ ಎಂದು ನಾನು ಆಣೆ ಮಾಡಲಾರೆ. ‘ಅಮ್ಮ ಮೊಸರು ಹಚ್ತಿದ್ಲಲ್ಲೋ ಅಜ್ಜಾ’ ಎಂದಳು, ತನ್ನ ಅಜ್ಜಿಯನ್ನು ಅವಳು ಅಮ್ಮ ಎಂದೇ ಕರೆಯುತ್ತಿದ್ದದ್ದು. ಎದ್ದು ಹಗ್ಗವನ್ನು ಗೂಟದಿಂದ ಬಿಚ್ಚಿದಳು. ಕೈಗೆ ಸುತ್ತಿಕೊಂಡಳು. ಏನು ಮಾಡುತ್ತೀ ಎಂದು ಕೇಳುವಷ್ಟರಲ್ಲಿ ಮೆಟ್ಟಿಲಿಳಿದು ಹೋಗಿದ್ದಳು.

ಆಗಿನಿಂದ, ಅಂದರೆ ಮಧ್ಯಾಹ್ನದಿಂದ, ನಾನು ನಿಮಗೆ ಬರೆಯುತ್ತ ಕೂತಿದ್ದೇನೆ. ಗೂಟ ಬರಿದಾಗಿದೆ. ಕಣ್ಣೆತ್ತಿದರೆ ಅದೇ ಕಾಣುತ್ತದೆಂದು ಕಾಗದದಿಂದ ಕಣ್ಣೆತ್ತುತ್ತಿಲ್ಲ. ಮಂದಾಕಿನಿ ಇದ್ದಿದ್ದರೆ ಏನನ್ನುತ್ತಿದ್ದಳೋ. ಬಹುಶಃ, ಎಮ್ಮಿ ಇರಲಿಲ್ಲ ಅಂತ ಆ ಪ್ರತಿಭಾ ಹೇಳಿದ್ರ ನೀವು ನಂಬಿಬಿಟ್ರಿ, ನಾ ಹೇಳಿದ್ದು ಒಂದೂ ನಂಬಲಿಲ್ಲ ಎಂದು ಜಗಳ ತೆಗೆಯುತ್ತಿದ್ದಳು.

ಇಂಚರಾ ಬಿಚ್ಚಿಯೇ ಬಿಟ್ಟಿದ್ದರೂ ನಾನು ಅವಳನ್ನು ಒಂದು ಮಾತೂ ಅನ್ನುವವನಲ್ಲ, ಇದು ನಿಮಗೆ ತಿಳಿದಿರಲಿ. ಆರು ವರ್ಷ ಬಾಡಿಗೆಯನ್ನೂ ಇಲ್ಲದ ಮನೆಯ ಪಾಲನ್ನೂ ಒಟ್ಟಿಗೆ ಹೊತ್ತವರಿಗೆ ಇಳಿಸುವ ಹಕ್ಕೂ ಇದೆ. ನಿಮಗೂ ಇತ್ತು. ಆ ಮುಂಜಾನೆ ನೀವು ಬಿಚ್ಚಿ ಮತ್ತೊಂದು ದಿನ ಕಟ್ಟಿದಿರೋ, ಬಿಚ್ಚಲು ಹೋಗಿ ಅತ್ತೆಯವರ ಕೈಯಲ್ಲಿ ಬೈಸಿಕೊಂಡಿರೋ, ಕೆಲಸಕ್ಕೆ ಹೊತ್ತಾಯಿತೆಂದು ಬಿಚ್ಚುವುದನ್ನೇ ಮರೆತು ಓಡಿದಿರೋ. ನನ್ನ ಕೋರಿಕೆ ಇಷ್ಟೇ, ಇದು ನಿಮ್ಮ ಕೈ ಸೇರಿದರೆ ಆ ಮುಂಜಾನೆಯದೊಂದು ದನಿ ತಂಗಿಗೆ ಕಳಿಸಿಡಿ. ದನಿಮನೆಯಲ್ಲಿ ಸಿಗುವಂತೆ ಸ್ವಲ್ಪ ಜೋರಾಗಿ ಮಾತಾಡಿ. ನನಗಾಗಿ ಅಲ್ಲ, ಲೆಕ್ಕದ ಟೀಚರಿಗೆ. ಅವಳಿಗೆ ಯಾವುದನ್ನಾದರೂ ಕೊನೆಯ ಮೆಟ್ಟಿಲ ತನಕ ಬಿಡಿಸಿ ತೋರಿಸಬೇಕು.

ಇನ್ನೊಂದು ಮಾತು ಹೇಳುವುದಿತ್ತು, ಫಿಲ್ಟರಿನ ವಿಷಯ, ಮಹಾಂತೇಶಪ್ಪನವರ ಆ ಫಿಲ್ಟರಿನ ಒಂದು ಬಿಳಿ ಬಟ್ಟಲು ನಮ್ಮಲ್ಲಿ ಇನ್ನೂ… ಇರಲಿ, ಸಾಲು ಸೊಟ್ಟಗಾಗುತ್ತಿದೆ. ಅಕ್ಷರ ಒಂದರ ಮೇಲೊಂದು ಬೀಳುತ್ತಿವೆ ಅಂದುಕೊಂಡೆ, ನೋಡಿದರೆ ಬೆಳಕೇ ಹೋಗುತ್ತಿದೆ. ಕಿಟಕಿಗೆ ಬಂದು ಕೂತೆ. ಎದುರಿನ ಗೋಡೆಯ ತುದಿಯಲ್ಲಿ ಮಾತ್ರ ಸ್ವಲ್ಪ ಬಿಸಿಲು ಉಳಿದಿದೆ.

ಕೆಳಗೆ ಓಣಿಯಲ್ಲಿ ಇಬ್ಬರು ಜಗಳಾಡುತ್ತ ಬರುತ್ತಿದ್ದಾರೆ. ಬಸವಂತನ ಹೆಗಲ ಮೇಲೆ ಸುರುಳಿ ಸುತ್ತಿದ ಹೊಸ ಹಗ್ಗ, ಚಾವಣಿ ಬಿಗಿಯುವ ದಪ್ಪ ಹಗ್ಗ. ಇಂಚರಾಳ ಕೈಯಲ್ಲಿ ಓಣಿಕೂಟದ ಪಾವತಿ ಚೀಟಿ. ‘ಇಷ್ಟ ಉದ್ದ ಯಾತಕ್ಕ ತಂದೀ? ಗೂಟ ಇರೂದ ಗೇಣುದ್ದ’ ಎನ್ನುತ್ತಿದ್ದಾಳೆ ಇಂಚರಾ. ಅವನ ಉತ್ತರ ಮೂರನೇ ಮಾಳಿಗೆಗೂ ಚೆನ್ನಾಗಿ ಕೇಳಿಸಿತು.

‘ಎಮ್ಮಿ ದೊಡ್ಡದು ಬರೂದೈತಿ.’

ಹೊತ್ತು ಮುಳುಗುವುದರೊಳಗೆ ಬಿಗಿಯಬೇಕು, ಒಂದು ತುದಿ ನಾನು ಹಿಡಿಯಬೇಕು. ಬರುತ್ತೇನೆ ಅವ್ವಾರೇ.

ನಿಮ್ಮ,
ಅಡಿವೆಪ್ಪ